ಒದ್ದೆ ಜೋಳಿಗೆಯ ತೂಕ

ಮೀನು ತೂಗುವ ಜೋಳಿಗೆಯನ್ನು ಮೊದಲು ನೀರಲ್ಲಿ ಅದ್ದಬೇಕು. ಆಮೇಲೆ ಖಾಲಿ ಜೋಳಿಗೆಯನ್ನೇ ತಕ್ಕಡಿಗೆ ನೇತುಹಾಕಿ ಮುಳ್ಳನ್ನು ಸೊನ್ನೆಗೆ ತರಬೇಕು. ಆಮೇಲೆ ಮೀನು. ಇಂಗ್ಲೆಂಡಿನಲ್ಲಿ ಗಾಳ ಹಾಕುವ ಹತ್ತು ವರ್ಷದ ಹುಡುಗನಿಗೂ ಇದು ಗೊತ್ತು. ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಪುಟ್ಟ ಕ್ಲಬ್ಬಿನ ಗೆಂಡೆ ಮೀನಿನ ಪಂದ್ಯ ನಡೆಸುವ ಕೆಲಸ ನನ್ನ ಹೆಗಲಿಗೆ ಬಂತು. ಎರಡು ತಕ್ಕಡಿ, ಎರಡು ಜೋಳಿಗೆ. ಒಂದನ್ನು ಅದ್ದಿ ಸೊನ್ನೆ ಮಾಡಿದೆ. ಇನ್ನೊಂದನ್ನು ಬೆಳಗಿನ ಗಡಿಬಿಡಿಯಲ್ಲಿ ಒಣಗಿದ್ದ ಹಾಗೇ ಸೊನ್ನೆ ಮಾಡಿ ಆಚೆ ದಡದವರ ಕೈಗೆ ಕೊಟ್ಟುಬಿಟ್ಟೆ. ಆ ದಿನವೆಲ್ಲ ಆಚೆ ದಡದ ಮೀನಿನ ತೂಕದ ಜೊತೆ, ನೀರು ಕುಡಿದ ಬಟ್ಟೆಯ ತೂಕವೂ ಲೆಕ್ಕಕ್ಕೆ ಬಂತು.

ನಾನಿರುವುದು ನಾರ್ಥಾಂಪ್ಟನ್ ಹತ್ತಿರ. ಇಲ್ಲಿ ನೆನ್ ನದಿ ಹರಿಯುತ್ತದೆ. ಅದೇ ನದಿ ಕೆಳಗೆ ಪೀಟರ್‌ಬರೋ ತಲುಪುವಷ್ಟರಲ್ಲಿ ಜನರ ಬಾಯಲ್ಲಿ ‘ನೀನ್’ ಆಗಿರುತ್ತದೆ. ನದಿಯ ಉದ್ದಕ್ಕೂ ಜಲ್ಲಿಕಲ್ಲು ತೆಗೆದ ಹಳೆಯ ಗುಂಡಿಗಳಿವೆ. ಅವು ತುಂಬಿ ಈಗ ಕೆರೆಗಳಾಗಿವೆ. ಹುಟ್ಟಿ ಬೆಳೆದದ್ದು ಸೊರಬದ ಕಡೆ. ಮೀನು ಹಿಡಿಯುವುದು ನನಗೆ ಹೊಸದಲ್ಲ. ಹಿಡಿದ ಮೀನನ್ನು ವಾಪಸ್ ಬಿಡುವುದು ಹೊಸದು. ಅದಕ್ಕೊಂದು ಪಂದ್ಯ ಮಾಡುವುದಂತೂ ಇನ್ನೂ ಹೊಸದು.

ಪಂದ್ಯ ಅಂದರೆ ದೊಡ್ಡ ಟೆಂಟು, ಮೈಕು ಅಂದುಕೊಳ್ಳಬೇಡಿ. ಹನ್ನೆರಡು ಜನ, ಒಂದು ಕೆರೆ, ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರು. ತಲೆಗೆ ಹತ್ತು ಪೌಂಡ್. ಅದರಲ್ಲಿ ಚಹಾ, ಬನ್ನು, ಒಂದು ಸಣ್ಣ ಬಹುಮಾನ. ಆದರೆ ಈ ಸಣ್ಣ ವಿಷಯಕ್ಕೆ ನಾನು ಮೂರು ವಾರ ತಲೆ ಕೆಡಿಸಿಕೊಂಡೆ. ದಿನ ಗೊತ್ತು ಮಾಡುವುದರಲ್ಲೇ ಮೊದಲ ತಪ್ಪು ಮಾಡಿದ್ದೆ. ಬಿಸಿಲಿದೆ, ಎಲ್ಲರೂ ಬರುತ್ತಾರೆ ಅಂತ ಜೂನ್ ಅಂದೆ. ಕೆರೆ ನೋಡಿಕೊಳ್ಳುವ ಹಿರಿಯರು ತಲೆ ಅಲ್ಲಾಡಿಸಿದರು. ನೀರು 18 ಡಿಗ್ರಿ ದಾಟುತ್ತಿದ್ದ ಹಾಗೆ ಗೆಂಡೆ ಮೊಟ್ಟೆ ಇಡಲು ದಡದ ಹುಲ್ಲಿಗೆ ಬರುತ್ತದೆ. ಆಗ ಕೆರೆಗೇ ಬೀಗ. ಜುಲೈ, ಆಗಸ್ಟ್? ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ, ಅದರಲ್ಲೂ ಬೆಳಗಿನ ಜಾವ ತೀರಾ ಕಡಿಮೆ. ಎಳೆದಾಡಿಸಿಕೊಂಡ ಮೀನು ಸುಧಾರಿಸಿಕೊಳ್ಳುವುದು ಕಷ್ಟ. ಹಾಗಾಗಿ ಸೆಪ್ಟೆಂಬರ್.

ಇದನ್ನು ಕೇಳುವಾಗ ನನಗೆ ನಮ್ಮೂರಿನ ಹತ್ತುಮೀನು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಜೂನ್‌ನ ಮೊದಲ ಜೋರು ಮಳೆಗೆ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದಲ್ವಾ, ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಅದನ್ನೇ ಹೊಡೆಯುತ್ತಿದ್ದೆವು. ಹೊಟ್ಟೆ ತುಂಬ ಮೊಟ್ಟೆ. ಮೊಟ್ಟೆ ಇದ್ದರೆ ಇನ್ನೂ ಖುಷಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ ಎಂಬುದು ನಮಗೂ ಗೊತ್ತಿತ್ತು. ಅದು ಸಮುದ್ರದ ಮಾತು, ನಮ್ಮ ಗದ್ದೆಯ ಬದುವಿಗೇನು ಸಂಬಂಧ ಅಂದುಕೊಂಡಿದ್ದೆವು.

ದಿನ ನಿಂತ ಮೇಲೆ ನಿಯಮ. ಎಲ್ಲರ ಹತ್ತಿರ ಸರ್ಕಾರದ ಗಾಳದ ಲೈಸೆನ್ಸ್ ಇರಬೇಕು. ಇಂಗ್ಲೆಂಡಿನಲ್ಲಿ 13 ವರ್ಷ ತುಂಬಿದ ಯಾರಿಗೂ ಇದರಿಂದ ವಿನಾಯಿತಿ ಇಲ್ಲ. ಒಬ್ಬರಿಗೆ ಎರಡೇ ಕೋಲು. ಕೊಕ್ಕೆಗೆ ಹಿಮ್ಮುಳ್ಳು ಇರಬಾರದು. ಮೀನನ್ನು ನೆಲದ ಮೇಲೆ ಮಲಗಿಸುವಂತಿಲ್ಲ, ಒದ್ದೆ ಮಾಡಿದ ಮೆತ್ತನೆ ಹಾಸು ಬೇಕು. ಬೇರೆ ಕೆರೆಗೆ ಅದ್ದಿದ ಬಲೆ ಪೂರ್ತಿ ಒಣಗಿರಬೇಕು, ಯಾಕೆಂದರೆ ಗೆಂಡೆಗೆ ಬರುವ ಹರ್ಪಿಸ್ ವೈರಸ್ ಒಂದು ಒದ್ದೆ ಬಲೆಯಿಂದ ಇಡೀ ಕೆರೆಯನ್ನು ಖಾಲಿ ಮಾಡಬಲ್ಲದು. ಮೇವಿಗೆ ಕಾಳು ತಂದರೆ ಬೇಯಿಸಿ ತರಬೇಕು. ಹಸಿ ಕಾಳು ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ.

ಕಾಳಿನ ನಿಯಮದ ಹಿಂದೆ ಇಲ್ಲಿನವರಿಗೆ ಒಂದು ನೋವಿದೆ. ಇದೇ ನದಿಯ ಕೆಳಗೆ, ಪೀಟರ್‌ಬರೋ ಹತ್ತಿರದ ಬ್ಲೂಬೆಲ್ ಕೆರೆಗಳಲ್ಲಿ ಬೆನ್ಸನ್ ಅಂತ ಒಂದು ಗೆಂಡೆ ಇತ್ತು. ಹೌದು, ಮೀನಿಗೆ ಹೆಸರು. ಸುಮಾರು 29 ಕೆ.ಜಿ. ತೂಗುತ್ತಿತ್ತು. 63 ಸಲ ಗಾಳಕ್ಕೆ ಸಿಕ್ಕಿ, 63 ಸಲವೂ ನೀರಿಗೆ ಮರಳಿತ್ತು. 2009ರಲ್ಲಿ ಸತ್ತು ತೇಲಿದಾಗ ಹಸಿ ಕಾಳು ತಿಂದು ಸತ್ತಿರಬೇಕು ಎಂಬ ಅನುಮಾನ ಹಬ್ಬಿತು, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷ ಕೆಂಟ್‌ನ ಕಾನಿಂಗ್‌ಬ್ರೂಕ್ ಕೆರೆಯಲ್ಲಿ ಟೂ-ಟೋನ್ ಎಂಬ ಇನ್ನೂ ದೊಡ್ಡ ಗೆಂಡೆ ಸತ್ತಾಗ ಗಾಳಗಾರರು ಸೇರಿ ಅದನ್ನು ಹೂಳಿದರು.

ಊರಿಗೆ ಫೋನು ಮಾಡಿ ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ‘29 ಕೆ.ಜಿ.ನಾ? ನಮ್ಮ ಇಡೀ ಕೇರಿಗೆ ಆಗ್ತಿತ್ತಲ್ಲೋ’ ಅಂದಳು ಅಮ್ಮ. ನಾನೂ ನಕ್ಕೆ. ಆದರೆ ಈ ನಗು ಪೂರ್ತಿ ಸರಿಯಲ್ಲ ಅನ್ನಿಸುತ್ತದೆ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿಗೆ ಬಾಯಿ ತೆರೆದು ಬರುವ ಮೀನುಗಳನ್ನು ಯಾರು ಹಿಡಿಯುತ್ತಾರೆ? ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ದೇವರ ಮೀನುಗಳು ರಾಶಿ ರಾಶಿ ಸತ್ತಾಗ, ಊರವರು ಆ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿಸಿದ್ದಾರೆ. ತಿನ್ನದೆ ಬಿಡುವುದು, ಸತ್ತರೆ ಅಳುವುದು ನಮಗೂ ಗೊತ್ತು. ನಾವು ಅದನ್ನು ದೇವರ ಲೆಕ್ಕಕ್ಕೆ ಹಾಕಿದ್ದೇವೆ, ಇವರು ಆಟದ ಲೆಕ್ಕಕ್ಕೆ ಹಾಕಿದ್ದಾರೆ. ಸುಮ್ನೆ ಬಿಟ್ಟಿದ್ದರೆ ನೆಮ್ಮದಿಯಾಗಿ ಇರುತ್ತಿದ್ದ ಮೀನಿನ ತುಟಿಗೆ 63 ಸಲ ಕೊಕ್ಕೆ ಚುಚ್ಚಿ, ಆಮೇಲೆ ಅದರ ಗಾಯಕ್ಕೆ ಔಷಧಿ ಹಚ್ಚುವುದರಲ್ಲಿ ಎಷ್ಟು ಪ್ರೀತಿ, ಎಷ್ಟು ಚಪಲ ಅಂತ ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಆದರೂ ಶನಿವಾರ ಬಂದರೆ ಕೋಲು ಎತ್ತಿಕೊಂಡು ಹೋಗುತ್ತೇನೆ.

ನಮ್ಮ ಕ್ಲಬ್ಬಿನಲ್ಲಿ ಪೋಲೆಂಡಿನ ಗೆಳೆಯನೊಬ್ಬನಿದ್ದಾನೆ. ಅವರ ಮನೆಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಗೆಂಡೆ ಇರಲೇಬೇಕು. ಪಂದ್ಯದಲ್ಲಿ ಅವನು ಮೀನು ಬಿಡುವಾಗ ನನ್ನ ಕಡೆ ತಿರುಗಿ ಒಂದು ನಿಟ್ಟುಸಿರು ಬಿಡುತ್ತಾನೆ. ಆ ನಿಟ್ಟುಸಿರಿನ ಅರ್ಥ ಆ ದಡದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಪಂದ್ಯದ ಮುಖ್ಯ ಘಟ್ಟ ಮೀನು ಸಿಕ್ಕಾಗಲ್ಲ. ಚೀಟಿ ಎತ್ತುವಾಗ. ದಡದಲ್ಲಿ ಕೂರುವ ಜಾಗಕ್ಕೆ ಇಲ್ಲಿ ಪೆಗ್ ಅನ್ನುತ್ತಾರೆ. ‘ನನಗೆ ನಾಲ್ಕನೇ ಪೆಗ್ ಬಂತು’ ಅಂತ ಊರಿನ ಗೆಳೆಯರಿಗೆ ಮೆಸೇಜ್ ಹಾಕಿದರೆ ‘ಬೆಳಗ್ಗೆ ಆರಕ್ಕೇನಾ ಮಾರಾಯ’ ಅಂತ ಉತ್ತರ ಬರುತ್ತದೆ. ಎಲ್ಲ ಪೆಗ್ ಒಂದೇ ಅಲ್ಲ. ನೈಋತ್ಯದ ಬೆಚ್ಚಗಿನ ಗಾಳಿ ಬೀಸಿದರೆ ಗೆಂಡೆ ಗಾಳಿ ಬಡಿಯುವ ದಡದ ಕಡೆ ಸರಿಯುತ್ತದೆ. ಅಲ್ಲಿ ಕೂತವನ ಅರ್ಧ ಕೆಲಸ ಆದ ಹಾಗೆ. ಅದಕ್ಕೇ ಚೀಲದಲ್ಲಿ ನಂಬರು ಬರೆದ ಮರದ ಬಿಲ್ಲೆಗಳು, ಒಬ್ಬೊಬ್ಬರೇ ಕೈಹಾಕಿ ತೆಗೆಯಬೇಕು. ನಡೆಸುವವನು ಕೊನೆಗೆ, ಉಳಿದ ಬಿಲ್ಲೆ ಅವನದು. ಆ ಹೊತ್ತಿಗೆ ಹನ್ನೆರಡು ಜನರ ಕಣ್ಣು ಚೀಲದ ಮೇಲೆ, ಒಂದು ಮಾತಿಲ್ಲ. ಅಷ್ಟು ಗಂಭೀರವಾದ ಮೌನವನ್ನು ನಾನು ಇಲ್ಲಿನ ಮದುವೆಗಳಲ್ಲೂ ಕಂಡಿಲ್ಲ.

ನಮ್ಮ ಕೆರೆಬೇಟೆಯಲ್ಲಿ ಚೀಟಿ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಕೆರೆಯ ನೀರು ಮೊಣಕಾಲಿಗೋ ಸೊಂಟಕ್ಕೋ ಇಳಿದಾಗ ಊರಿನವರು ದಿನ ಸಾರುತ್ತಾರೆ. ಒಂದು ಕೂಣಿಗೆ ಇಷ್ಟು ಅಂತ ದುಡ್ಡು. ಕೂಣಿ ಅಂದರೆ ಬಿದಿರಿನ ಕಡ್ಡಿಯ ಬುಟ್ಟಿ. ಕೆಳಗೆ ಅಗಲ, ಮೇಲೆ ಕೈ ತೂರುವಷ್ಟು ಬಾಯಿ. ಏರಿಯ ಮೇಲೆ ನೂರಾರು ಜನ ಕೂಣಿ ಹಿಡಿದು ನಿಂತಿರುತ್ತಾರೆ. ಸೂಚನೆ ಸಿಕ್ಕಿದ್ದೇ ತಡ ಹೋ ಎಂದು ಒಟ್ಟಿಗೆ ನುಗ್ಗುತ್ತಾರೆ. ಕಾಲು ಗಟ್ಟಿ ಇದ್ದವನಿಗೆ ತೂಬಿನ ಹತ್ತಿರದ ಗುಂಡಿ, ಉಳಿದವರಿಗೆ ಉಳಿದದ್ದು. ಕೆಸರಿಗೆ ಕೂಣಿ ಒತ್ತಬೇಕು, ಒಳಗೆ ಏನೋ ಪಟಪಟ ಬಡಿದರೆ ಮೇಲಿನಿಂದ ಕೈ ಇಳಿಸಬೇಕು. ಆ ಕತ್ತಲ ನೀರಿನಲ್ಲಿ ಬೆರಳಿಗೆ ಮೊದಲು ತಾಗುವ ನುಣುಪು ಇದೆಯಲ್ಲ, ಅದಕ್ಕೆ ಸಾಟಿಯಾದದ್ದು ಇಲ್ಲಿನ ಯಾವ ದುಬಾರಿ ರೀಲಿನಲ್ಲೂ ನನಗೆ ಸಿಕ್ಕಿಲ್ಲ.

ತೂಕ ಇಲ್ಲ, ರೆಫರಿ ಇಲ್ಲ, ಗೆದ್ದವನೂ ಇಲ್ಲ. ಹಾಗಂತ ಜಗಳ ಇಲ್ಲವೇ? ಇದೆ. ನಾನು ಹುಡುಗನಾಗಿದ್ದಾಗ ಕಂಡ ಒಂದು ಬೇಟೆಯಲ್ಲಿ ಮಧ್ಯಾಹ್ನವಾದರೂ ಯಾರಿಗೂ ಸರಿಯಾಗಿ ಮೀನು ಸಿಗಲಿಲ್ಲ. ಮೊದಲೇ ರಾತ್ರಿ ಬಲೆ ಹಾಕಿದ್ದಾರೆ ಅಂತ ಒಬ್ಬ ಕೂಗಿದ. ಹತ್ತು ನಿಮಿಷದಲ್ಲಿ ದುಡ್ಡು ಎತ್ತಿದವರನ್ನು ಜನ ಸುತ್ತುವರಿದರು. ಅವತ್ತು ಅಪ್ಪ ನನ್ನ ಕೈ ಹಿಡಿದು ಅಡಿಕೆ ತೋಟದ ಒಳಗಿಂದ ಮನೆಗೆ ಎಳೆದುಕೊಂಡು ಬಂದದ್ದು ನೆನಪಿದೆ.

ಈ ಎರಡೂ ಕಂಡ ಮೇಲೆ ನನಗೆ ಅನ್ನಿಸುವುದು ಇಷ್ಟು. ಅಲ್ಲಿ ನಡೆಸುವವನು ಮೀನಿಗೆ ಜವಾಬ್ದಾರ. ಇಲ್ಲಿ ತಕ್ಕಡಿಗೆ ಜವಾಬ್ದಾರ. ನಮ್ಮ ಪಂದ್ಯದಲ್ಲಿ ಹನ್ನೆರಡರಲ್ಲಿ ಐದು ಜನ, ನಾನೂ ಸೇರಿ, ಬರಿಗೈಯಲ್ಲಿ ಎದ್ದೆವು. ಒಬ್ಬರೂ ಹತ್ತು ಪೌಂಡ್ ವಾಪಸ್ ಕೇಳಲಿಲ್ಲ, ‘ಒಳ್ಳೇ ದಿನ’ ಅಂದರು. ಇದನ್ನು ಇವರ ದೊಡ್ಡ ಗುಣ ಅಂತ ಹೊಗಳುವ ನಮ್ಮವರು ಇಲ್ಲಿ ಬೇಕಾದಷ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಇವರ ರಾತ್ರಿಯ ಊಟ ಆ ಕೆರೆಯಲ್ಲಿಲ್ಲ, ಅಷ್ಟೇ. ಕೂಣಿಗೆ ದುಡ್ಡು ಕಟ್ಟಿದವನ ಮನೆಯಲ್ಲಿ ಮಸಾಲೆ ಅರೆದು ಕಾಯುತ್ತಿರುತ್ತಾರೆ. ಅವನ ಸಿಟ್ಟು ಬೇರೆ. ಮತ್ತೆ ಏಪ್ರಿಲ್‌ನಲ್ಲಿ ಒಣಗಿಹೋಗುವ ಕೆರೆಯಲ್ಲಿ ಮೀನು ಹಿಡಿದು ಬಿಟ್ಟರೆ ಅದು ಯಾರಿಗೆ ಪ್ರಯೋಜನ? ಕೊಕ್ಕರೆಗೆ.

ಕಾವೇರಿಯ ಮಹಶೀರ್ ಮಾತು ಬೇರೆ. ಹಿಡಿದು ಬಿಡುವುದು ಭೀಮೇಶ್ವರಿಯ ಮಡುಗಳಲ್ಲಿ ದಶಕಗಳ ಹಿಂದೆಯೇ ರೂಢಿಗೆ ಬಂದಿತ್ತು. ಇಂಗ್ಲಿಷ್ ಗಾಳಗಾರರು ಅಲ್ಲಿಗೆ ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ವನ್ಯಜೀವಿ ಕಾಯ್ದೆಯ ಕಾರಣಕ್ಕೆ ಅಲ್ಲಿ ಗಾಳ ಹಾಕುವುದೇ ನಿಂತಿತು. ಆ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಅಂಥ ಮೀನನ್ನು ಬಿಡಲೇಬೇಕು. ನೀರು ನೋಡಿ ನಿಯಮ ಮಾಡಬೇಕು, ಇಂಗ್ಲೆಂಡ್ ನೋಡಿ ಅಲ್ಲ.

ಅಂದಹಾಗೆ ಕಾವೇರಿಯಲ್ಲಿ ಮಹಶೀರ್‌ಗೆ ಹಾಕುತ್ತಿದ್ದ ಮೇವು ರಾಗಿ. ಹಿಟ್ಟು ಕಲಸಿ, ಉಂಡೆ ಕಟ್ಟಿ, ಬೇಯಿಸಿದ್ದು. ಇಲ್ಲಿ ಗೆಂಡೆಗೆ ಎಲ್ಲರೂ ಹಾಕುವ ಬಾಯ್ಲಿ ಕೂಡ ಅದೇ: ಹಿಟ್ಟು, ಮೊಟ್ಟೆ, ಉಂಡೆ, ಕುದಿಯುವ ನೀರು. ಬಣ್ಣ ಬಣ್ಣದ ಪೊಟ್ಟಣದಲ್ಲಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ನಾನು ಲೆಸ್ಟರ್‌ನ ಅಂಗಡಿಯಿಂದ ರಾಗಿ ಹಿಟ್ಟು ತಂದು, ಮೊಟ್ಟೆ, ಬೆಲ್ಲ ಸೇರಿಸಿ ಗೋಲಿ ಗಾತ್ರದ ಉಂಡೆ ಮಾಡಿಕೊಂಡು ಹೋಗಿದ್ದೆ. ಎಂಟು ಗಂಟೆ ನೀರಲ್ಲಿತ್ತು. ಒಂದು ಗೆಂಡೆಯೂ ಮೂಸಲಿಲ್ಲ. ನಾಲ್ಕನೇ ಪೆಗ್ಗಿನ ತಪ್ಪು ಅಂತ ನನ್ನ ವಾದ.

ಈಗ ಜೋಳಿಗೆಗೆ ಬರುತ್ತೇನೆ. ಮೂರು ಗಂಟೆಗೆ ಸೀಟಿ ಊದಿದೆ. ಆಚೆ ದಡದ ನಿವೃತ್ತ ಬಸ್ ಡ್ರೈವರ್ ಎರಡು ಮೀನು ಹಿಡಿದಿದ್ದರು. ಒಟ್ಟು 35 ಪೌಂಡ್ 6 ಔನ್ಸ್ (16 ಔನ್ಸ್ ಸೇರಿದರೆ ಒಂದು ಪೌಂಡ್), ಅಂದರೆ 16 ಕೆ.ಜಿ. ಈಚೆ ದಡದ ಹುಡುಗನದೂ ಎರಡು, 34 ಪೌಂಡ್ 11 ಔನ್ಸ್. ಹೆಸರು ಕೂಗಿದೆ, ಚಪ್ಪಾಳೆ ಆಯಿತು. ಆಗ ಕೆರೆ ನೋಡಿಕೊಳ್ಳುವ ಹಿರಿಯರು ಹತ್ತಿರ ಬಂದು ಮೆಲ್ಲಗೆ ಕೇಳಿದರು, ಜೋಳಿಗೆ ಅದ್ದಿ ಸೊನ್ನೆ ಮಾಡಿದೆ ತಾನೆ? ನನ್ನ ಮುಖವೇ ಉತ್ತರ ಹೇಳಿರಬೇಕು.

ಊರಲ್ಲಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಯೋಚಿಸಿದೆ. ‘ಇರ್ಲಿ ಬಿಡಿ ಸಾರ್, ಸಣ್ಣ ವಿಷ್ಯ’ ಅನ್ನುತ್ತಿದ್ದೆ. ಇಲ್ಲೂ ಹಾಗೇ ಅನ್ನೋಣ ಅನ್ನಿಸಿತು. ಸ್ನೇಹದ ಪಂದ್ಯ, ಬಹುಮಾನ ಒಂದು ಮರದ ಮೀನು. ಅಷ್ಟರಲ್ಲಿ ಆ ಡ್ರೈವರ್‌ಗೆ ವಿಷಯ ಕಿವಿಗೆ ಬಿದ್ದಿತ್ತು. ಏನೂ ಮಾತಾಡದೆ ನಡೆದು ಬಂದರು. ಹನಿ ಸೋರುತ್ತಿದ್ದ ಜೋಳಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ತಕ್ಕಡಿಗೆ ಸಿಕ್ಕಿಸಿದರು. ಮುಳ್ಳು 11 ಔನ್ಸ್ ತೋರಿಸಿತು. ಕನ್ನಡಕ ಏರಿಸಿ ಎರಡು ಸಲ ನೋಡಿದರು. ‘ಎರಡು ಮೀನು, ಎರಡು ಸಲ, 22 ಕಳೆ’ ಅಂದರು. 34 ಪೌಂಡ್ ಸರಿಯಾಗಿ ಉಳಿಯಿತು. ಮರದ ಮೀನನ್ನು ಹುಡುಗನ ಕೈಗಿಟ್ಟು, ಬನ್ನು ಉಳಿದಿದೆಯಾ ಅಂತ ನನ್ನನ್ನು ಕೇಳಿದರು.

ಬಹುಮಾನ 500 ಪೌಂಡ್ ಆಗಿದ್ದರೆ ಅವರು ಹೀಗೆ ನಡೆದು ಬರುತ್ತಿದ್ದರೋ ಇಲ್ಲವೋ. ಅದಕ್ಕೇ ಈ ವರ್ಷ ಬಹುಮಾನ ದೊಡ್ಡದು ಮಾಡೋಣ ಅಂತ ಸಭೆಯಲ್ಲಿ ಮಾತು ಬಂದಾಗ ನಾನು ಬೇಡ ಅಂದೆ. ಇಬ್ಬರಿಗೆ ಸಿಟ್ಟು ಬಂದಿದೆ. ಇರಲಿ. ಮರದ ಮೀನಿಗೇ ಹೊಸದಾಗಿ ಬಣ್ಣ ಬಳಿಯುತ್ತಿದ್ದೇನೆ. ಈ ಸಲ ತಕ್ಕಡಿ ಒಂದೇ, ಜೋಳಿಗೆ ಒಂದೇ, ಅದನ್ನು ಹಿಡಿದು ಸುತ್ತುವವರು ಆ ಡ್ರೈವರ್. ರಾಗಿ ಉಂಡೆಗೆ ಬೆಲ್ಲ ಸ್ವಲ್ಪ ಜಾಸ್ತಿ ಹಾಕಬೇಕು.