1.5 ಸೆಕೆಂಡಿನಲ್ಲಿ ಐದು ಡ್ರಿಬಲ್!

ನಿನ್ನೆಯಿಂದ ತಲೆ ಕಾದು ಕೂತಿದೆ. ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್. ನಾವು ಒಂದು ಪಾಯಿಂಟ್ ಮುಂದೆ, ಗಡಿಯಾರದಲ್ಲಿ 1.5 ಸೆಕೆಂಡ್, ಸೈಡಿನಿಂದ ಅವರ ಥ್ರೋ-ಇನ್, ಅಂದ್ರೆ ಗೆರೆಯಾಚೆ ನಿಂತು ಬಾಲ್ ಒಳಗೆ ಎಸೆಯೋದು. ಒಳಗಿನ ಆಟಗಾರ್ತಿಗೆ ಬಾಲ್ ತಾಗಿದ ಕೂಡಲೇ ಗಡಿಯಾರ ಓಡಬೇಕು. ಓಡಲೇ ಇಲ್ಲ! ಬಟನ್ ಒತ್ತಬೇಕಾದ ಪುಣ್ಯಾತ್ಮ ಬಾಯಿಬಿಟ್ಟುಕೊಂಡು ಆಟ ನೋಡ್ತಿದ್ದ. ಆ ಹುಡುಗಿ ಬಾಲನ್ನ ನೆಲಕ್ಕೆ ಪುಟಿಸುತ್ತಾ ಐದು ಸಲ ಡ್ರಿಬಲ್ ಹೊಡೆದು, ನಮ್ಮವಳನ್ನ ಸುತ್ತಿ ಬಂದು, ಬುಟ್ಟಿ ಹತ್ರ ಹೋಗಿ ಆರಾಮಾಗಿ ಲೇಅಪ್ ಹಾಕಿದಳು. ಆಮೇಲೆ ಬಜರ್. ರೆಫ್ರಿ ಎರಡು ಬೆರಳು ಕೆಳಗಿಳಿಸಿ ಪಾಯಿಂಟ್ ಕೊಟ್ಟೇಬಿಟ್ಟರು.

ಓಡಿಹೋಗಿ ಕೇಳಿದರೆ, "ಬಜರ್‌ಗೆ ಮುಂಚೆ ಬಾಲ್ ಕೈಬಿಟ್ಟಿತ್ತಲ್ಲ ಮೇಡಂ" ಅಂತಾರೆ. ಸಾರ್, ಬಜರ್ರೇ ತಡವಾಗಿ ಹೊಡ್ಕೊಂಡಿದ್ದು! ಥ್ರೋ-ಇನ್‌ಗೆ ಐದು ಸೆಕೆಂಡ್ ಅಂತ ಕೈ ಬೀಸಿ ಎಣಿಸೋಕೆ ಬರುತ್ತೆ, ಒಂದೂವರೆ ಎಣಿಸೋಕೆ ಬರಲ್ವಾ?

ಇದಕ್ಕಿಂತ ಹೊಟ್ಟೆ ಉರಿಸಿದ್ದು ಮೂರನೇ ಕ್ವಾರ್ಟರ್. ನಮ್ಮ ಹುಡುಗಿ ಗೆರೆಯಾಚೆಯಿಂದ ಹಾಕಿದ ತ್ರೀ ಪಾಯಿಂಟರ್‌ಗೆ ಬೋರ್ಡಿನಲ್ಲಿ ಎರಡೇ ಏರಿತು. ಸ್ಕೋರ್‌ಶೀಟ್ ಬರೀತಿದ್ದ ಪಿಯುಸಿ ಹುಡುಗಿ, "ಸರ್, ನನ್ನ ಹತ್ರ ಮೂರು ಇದೆ" ಅಂತ ಎರಡು ಸಲ ಹೇಳಿದಳು ಪಾಪ. "ನೀನ್ ಸುಮ್ನಿರಮ್ಮ." ಬೋರ್ಡಿಗೂ ಶೀಟಿಗೂ ತಾಳೆಯಾಗದೆ ಹೋದರೆ ಶೀಟೇ ಸರಿ, ಬೋರ್ಡನ್ನ ತಿದ್ದಬೇಕು ಅನ್ನುತ್ತೆ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮ. ಇವರು ಶೀಟನ್ನೇ ಹೊಡೆದುಹಾಕಿ ಬೋರ್ಡಿಗೆ ಹೊಂದಿಸಿದರು! ಆ ಒಂದು ಪಾಯಿಂಟ್ ಇದ್ದಿದ್ದರೆ ಆ ಕಳ್ಳ ಲೇಅಪ್ ಬಿದ್ದಮೇಲೂ ಸಮ ಆಗ್ತಿತ್ತು, ಐದು ನಿಮಿಷ ಓವರ್‌ಟೈಮ್ ಸಿಗ್ತಿತ್ತು.

ಗಡಿಯಾರ, ಸ್ಕೋರು, ಫೌಲು, ಟೈಮ್‌ಔಟು, ಯಾವ ಲೆಕ್ಕ ತಪ್ಪಿದ್ದರೂ ಮುಖ್ಯ ರೆಫ್ರಿ ಶೀಟಿಗೆ ಸಹಿ ಹಾಕೋವರೆಗೆ ತಿದ್ದಬಹುದು. ಹಾಗಾಗಿ ಸಹಿ ಹಾಕಿದ ವೇಗ ನೋಡಬೇಕಿತ್ತು ನೀವು. ನಾನು ಟೇಬಲ್ ಮುಟ್ಟೋದರೊಳಗೆ ಪೆನ್ನಿನ ಕ್ಯಾಪ್ ಹಾಕಿ ಆಗಿತ್ತು. ಶೀಟಿನಲ್ಲಿ ಪ್ರೊಟೆಸ್ಟ್‌ಗೆ (ಅಧಿಕೃತ ತಕರಾರಿಗೆ) ಅಂತಲೇ ಕ್ಯಾಪ್ಟನ್ ಸಹಿಗೆ ಜಾಗ ಇರುತ್ತೆ. ನಮ್ಮ ಕ್ಯಾಪ್ಟನ್‌ಗೆ ಹದಿನೈದು ವರ್ಷ, ನಲ್ಲಿ ಹತ್ರ ನಿಂತು ಅಳ್ತಿದ್ದಳು. ಕರ್ಕೊಂಡು ಬಂದರೆ ಶೀಟೇ ಇಲ್ಲ, ಯಾರದೋ ಬ್ಯಾಗ್ ಸೇರಿತ್ತು. ಆಯೋಜಕರು ತಣ್ಣಗೆ, "ಆಟದಲ್ಲಿ ಇದೆಲ್ಲ ಇದ್ದದ್ದೇ, ಊಟ ಮಾಡ್ಕೊಂಡು ಹೋಗಿ" ಅಂದರು.

1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಗಡಿಯಾರದ ಗೊಂದಲಕ್ಕೆ ಕೊನೇ ಗಳಿಗೆಯ ಥ್ರೋ-ಇನ್ ಮೂರು ಸಲ ಮಾಡಿಸಿದ್ದರು. 50-49ರಲ್ಲಿ ಗೆದ್ದೆವು ಅಂದ್ಕೊಂಡಿದ್ದ ಅಮೆರಿಕ 51-50ಕ್ಕೆ ಸೋವಿಯತ್ ಒಕ್ಕೂಟಕ್ಕೆ ಸೋತು, ಬೆಳ್ಳಿ ಪದಕವನ್ನೇ ಮುಟ್ಟಲಿಲ್ಲ. ಅಷ್ಟೆಲ್ಲ ರಾದ್ಧಾಂತ ನಮಗ್ಯಾಕೆ? ವಿಸಿಲ್ ಊದಿ ಎರಡು ನಿಮಿಷ ಆ ಟೇಬಲ್ ಕಡೆ ನಡೆದಿದ್ದರೆ ಸಾಕಿತ್ತು.

ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳು ಮೊಬೈಲ್ ಸ್ಟಾಪ್‌ವಾಚ್ ಹಿಡಿದು, ಐದು ಡ್ರಿಬಲ್ ಹೊಡೆದು ಕಂಬಕ್ಕೆ ಲೇಅಪ್ ಹಾಕಿ ನೋಡಿದರು. ಎಲ್ಲರಿಗಿಂತ ಚುರುಕಿನವಳಿಗೆ ಹಿಡಿದದ್ದು 2.9 ಸೆಕೆಂಡ್.