ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುವವರಿಗೆ

ಬೇರೆಯವರ ಸೂಟ್‌ಕೇಸ್ ತುಂಬುವುದರಲ್ಲಿ ಎಲ್ಲರೂ ಪಂಡಿತರು. ನಾನು ಮಂಚದ ಮೇಲೆ ಬಟ್ಟೆ ಹರಡಿಕೊಂಡು ಕೂತರೆ ಸಾಕು, ಕೋಣೆ ಬಾಗಿಲಲ್ಲಿ ಸಲಹೆಗಾರರ ಮಂಡಳಿ ಬಂದು ನಿಲ್ಲುತ್ತದೆ. ಅಕ್ಕ ಸುತ್ತುವ ಪಕ್ಷದವಳು. ಬಟ್ಟೆಯನ್ನು ಬಿಗಿಯಾಗಿ ಸುರುಳಿ ಸುತ್ತಿದರೆ ಸುಕ್ಕೂ ಇಲ್ಲ, ಜಾಗವೂ ಉಳಿಯುತ್ತೆ ಅಂತಾಳೆ. ನಮ್ಮೆಜಮಾನರು ಮಡಚುವ ಪಕ್ಷ. ಈ ವಾದದಲ್ಲಿ ಇಬ್ಬರಿಗೂ ಎಷ್ಟು ಹುಮ್ಮಸ್ಸು ಅಂದ್ರೆ, ಅದು ಮುಗಿಯುವ ಹೊತ್ತಿಗೆ ಯಾರೂ ಒಂದು ಕರ್ಚೀಫನ್ನೂ ಸುತ್ತಿರುವುದಿಲ್ಲ, ಮಡಚಿರುವುದೂ ಇಲ್ಲ.

ನನ್ನ ತೀರ್ಪು ಇಷ್ಟೇ: ಇಬ್ಬರೂ ಅರ್ಧರ್ಧ ಸರಿ. ಟೀ ಶರ್ಟ್, ಜೀನ್ಸ್, ಪೈಜಾಮ, ಒಳಉಡುಪು, ಇವನ್ನೆಲ್ಲ ಸುತ್ತಿ. ಗಟ್ಟಿ ಕಾಲರಿನ ಅಂಗಿಯನ್ನು ಸುತ್ತಿದರೆ ಆ ಕಾಲರಿನ ಕತೆ ಮುಗಿಯಿತು. ಅದಕ್ಕೆ ಗುಂಡಿ ಹಾಕಿ, ತೋಳು ಹಿಂದಕ್ಕೆ ಮಾಡಿ, ಅಗಲವಾಗಿ ಮಡಚಬೇಕು. ಮಡಿಕೆಯ ಒಳಗೆ ಒಂದು ಟೀ ಶರ್ಟ್ ಸುರುಳಿ ಇಟ್ಟರೆ ಗೆರೆ ಅಷ್ಟು ಚೂಪಾಗಿ ಬೀಳುವುದಿಲ್ಲ. ಇದರಾಚೆ ಈ ಜಗಳದಲ್ಲಿ ಹುರುಳಿಲ್ಲ.

ಯಾಕಂದ್ರೆ ಸುಕ್ಕಿಗೆ ಬೇಕಾಗಿರುವುದು ಬೇರೆಯೇ. ಹತ್ತಿಯ ನೂಲಿನೊಳಗೆ ಸೆಲ್ಯುಲೋಸಿನ ಸರಪಳಿಗಳಿವೆ, ಅವು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ತೇವ, ಬಿಸಿ ತಾಕಿದರೆ ಆ ಹಿಡಿತ ಸಡಿಲವಾಗುತ್ತದೆ. ಆಮೇಲೆ ಒಣಗುವಾಗ, ತಣಿಯುವಾಗ ಬಟ್ಟೆ ಯಾವ ಭಂಗಿಯಲ್ಲಿ ಬಿದ್ದಿರುತ್ತದೋ ಅದೇ ಭಂಗಿಯಲ್ಲಿ ಮತ್ತೆ ಹಿಡಿದುಕೊಳ್ಳುತ್ತವೆ. ಇಸ್ತ್ರಿ ಕೆಲಸ ಮಾಡುವುದೂ ಹೀಗೇ, ಅಂಗಿ ಮುದುಡುವುದೂ ಹೀಗೇ. ಅಂದ್ರೆ ತುಂಬಿದ ಸೂಟ್‌ಕೇಸ್ ಅನ್ನುವುದು ಉಲ್ಟಾ ಕೆಲಸ ಮಾಡುವ ಒಂದು ಇಸ್ತ್ರಿ ಪೆಟ್ಟಿಗೆ. ಈಗಷ್ಟೇ ಇಸ್ತ್ರಿ ಮಾಡಿದ ಬಿಸಿ ಬಿಸಿ ಅಂಗಿಯನ್ನು, ಕ್ಯಾಬ್ ಬಂತು ಅಂತ ಹಾಗೇ ಒಳಗೆ ಇಟ್ಟು ಮೇಲೆ ಭಾರ ಹೇರಿದರೆ, ಅದಕ್ಕೆ ಬೇಕಾದ ಸಾಮಗ್ರಿಯನ್ನೆಲ್ಲ ನಾವೇ ಒದಗಿಸಿದ ಹಾಗಾಯಿತು. ಸ್ವಲ್ಪ ಹೊತ್ತು ಹ್ಯಾಂಗರಿನಲ್ಲಿ ಆರಲಿ ಬಿಡಿ. ಲಿನನ್ ಆದ್ರೆ ಆರಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಪಾಲಿಯೆಸ್ಟರ್ ನೀರು ಜಾಸ್ತಿ ಹೀರುವುದಿಲ್ಲ, ಹಾಗಾಗಿ ಮುದುಡುವುದೂ ಕಡಿಮೆ. ಬೆವರಿದ ಮೇಲೆ ಅದರ ಪಕ್ಕ ಕೂರುವುದು ಬೇರೆ ವಿಷಯ.

1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ರೂತ್ ಬೆನೆರಿಟೊ ಎಂಬ ರಸಾಯನ ವಿಜ್ಞಾನಿ, ಹತ್ತಿಯ ಈ ಸರಪಳಿಗಳ ನಡುವೆ ಗಟ್ಟಿ ಕೊಂಡಿ ಹಾಕುವ ಬಗ್ಗೆ ಕೆಲಸ ಮಾಡಿದರು. ಒಗೆದು ಹಾಗೇ ಹಾಕಿಕೊಳ್ಳಬಹುದಾದ ಹತ್ತಿ ಬಟ್ಟೆ ಸಿಗುವುದರ ಹಿಂದೆ ಅವರ ಕೆಲಸವೂ ಇದೆ. ಆ ತಾಯಿಗೆ ನಮಸ್ಕಾರ. ಆದರೆ ಅವರ ಲೆಕ್ಕದಲ್ಲಿ ನಮ್ಮೆಜಮಾನರು ಇರಲಿಲ್ಲ.

ಇವರು ಎಲ್ಲ ತುಂಬಿ ಆಗುವವರೆಗೆ ಸುಮ್ಮನಿರುತ್ತಾರೆ. ನಾನು ಜಿಪ್ಪಿಗೆ ಕೈ ಹಾಕಿದ ಕೂಡಲೇ ಬಂದು, "ಇದೊಂದು ಹಿಡಿಸುತ್ತಾ ನೋಡೇ" ಅಂತಾರೆ. ಇದೊಂದು ಅಂದ್ರೆ ಒಂದು ಜೊತೆ ಶೂ. ಅದಾದ ಮೇಲೆ ಚಾರ್ಜರು, ಪವರ್ ಬ್ಯಾಂಕು, ವೈರುಗಳ ಗಂಟು. ಪವರ್ ಬ್ಯಾಂಕ್ ಚೆಕ್-ಇನ್ ಸಾಮಾನಿನಲ್ಲಿ ಇಡುವ ಹಾಗಿಲ್ಲ ಅಂದರೆ ಅದನ್ನು ತೆಗೆದು, ಆ ಜಾಗಕ್ಕೆ ಒಂದು ದಪ್ಪ ಪುಸ್ತಕ ತರುತ್ತಾರೆ. ಎಲ್ಲವೂ ಅಂಗಿಗಳ ಮೇಲೆಯೇ. "ಮೇಲೇ ಇರುತ್ತಲ್ಲ, ಏನಾಗುತ್ತೆ?"

ಆಗುವುದು ಇದು. ನಾವು ಸೂಟ್‌ಕೇಸನ್ನು ಮಲಗಿಸಿ ತುಂಬುತ್ತೇವೆ, ಅದು ಪ್ರಯಾಣ ಮಾಡುವುದು ನಿಂತುಕೊಂಡು. 1972ರಲ್ಲಿ ಬರ್ನಾರ್ಡ್ ಸ್ಯಾಡೋ ಪೇಟೆಂಟ್ ಪಡೆದ ಗಾಲಿಪೆಟ್ಟಿಗೆಯನ್ನು ಪಟ್ಟಿ ಹಿಡಿದು ಎಳೆಯಬೇಕಿತ್ತು. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಎರಡು ಗಾಲಿ, ಉದ್ದದ ಹಿಡಿ ಇಟ್ಟು ಅದನ್ನು ನೆಟ್ಟಗೆ ನಿಲ್ಲಿಸಿಯೇ ಬಿಟ್ಟರು. ನಮ್ಮ ಬೆನ್ನು ಉಳಿಯಿತು, ನಿಜ. ಆದರೆ ಪೆಟ್ಟಿಗೆ ನಿಂತ ಕ್ಷಣವೇ ಶೂ, ಪುಸ್ತಕ, ವೈರುಗಳ ಗಂಟು ಎಲ್ಲ ಮೆರವಣಿಗೆ ಹೊರಟು, ದಾರಿಯಲ್ಲಿ ಸಿಕ್ಕಿದ ಅಂಗಿಗಳನ್ನೂ ಎಳೆದುಕೊಂಡು ಗಾಲಿಯ ಕಡೆ ಬಂದು ಕೂರುತ್ತವೆ. ಭಾರದ್ದು ಮೊದಲೇ ಗಾಲಿಯ ಕಡೆ ಇರಬೇಕು, ಶೂ ಒಳಗೆ ಕಾಲುಚೀಲ ತುಂಬಿರಬೇಕು, ಸಂದುಗಳು ಖಾಲಿ ಬಿಡಬಾರದು. ಅರ್ಧ ಖಾಲಿ ಪೆಟ್ಟಿಗೆಯಲ್ಲೂ ಬಟ್ಟೆ ಜಾರಾಡಿ ಮುದುಡುತ್ತದೆ. ಗಾಳಿ ಹೀರುವ ಆ ಪ್ಲಾಸ್ಟಿಕ್ ಚೀಲ ತರಿಸೋಣ ಅಂತ ಅಕ್ಕ ಹೇಳಿದ್ದುಂಟು. ಗಾತ್ರವೇನೋ ಇಳಿಯುತ್ತೆ, ತೂಕ ಒಂದು ಗ್ರಾಂ ಇಳಿಯಲ್ಲ, ಸುಕ್ಕಂತೂ ಅಚ್ಚೊತ್ತಿದ ಹಾಗೆ ಬೀಳುತ್ತದೆ.

ಇನ್ನು ಶಾಂಪೂ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು ಕಡಿಮೆ ಇರುತ್ತದೆ. ಕೆಳಗೆ ಮುಚ್ಚಳ ಹಾಕಿದ ಬಾಟಲಿಯೊಳಗಿನ ಗಾಳಿ ಮೇಲೆ ಹೋದಂತೆ ಹಿಗ್ಗುತ್ತದೆ, ಹಿಗ್ಗಿ ಶಾಂಪೂವನ್ನು ಹೊರಗೆ ಕಳಿಸುತ್ತದೆ. ಬಾಟಲಿ ಹಿಚುಕಿ ಗಾಳಿ ತೆಗೆದು, ಮುಚ್ಚಳದ ಕೆಳಗೆ ಒಂದು ತುಂಡು ಪ್ಲಾಸ್ಟಿಕ್ ಇಟ್ಟು ತಿರುಗಿಸಿದರೆ ಬಹುಪಾಲು ಬಚಾವ್. ನಮ್ಮದು "ಸೋರುವುದೇ ಇಲ್ಲ" ಅಂತ ಮೈಮೇಲೆ ಬರೆದುಕೊಂಡಿದ್ದ ಬಾಟಲಿ. ಅದರ ಮಾತು ನಂಬಿದ್ದ ಅಂಗಿಯೊಂದು ನೀರೇ ಇಲ್ಲದೆ ಸ್ನಾನ ಮುಗಿಸಿ ಬಂತು.

ಉಳಿದಿದ್ದು ಒಂದೇ ಒಳ್ಳೆ ಅಂಗಿ, ಅದೂ ಪೂರ್ತಿ ಮುದುಡಿತ್ತು. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿ, ಆವಿಯಲ್ಲಿ ಬಟ್ಟೆ ನೇತು ಹಾಕುವ ಉಪಾಯ ಎಲ್ಲರಿಗೂ ಗೊತ್ತಲ್ವಾ, ಅದನ್ನೇ ಮಾಡಿದೆ. ಚಿಕ್ಕಪುಟ್ಟ ಸುಕ್ಕಿಗೆ ಅದು ನಡೆಯುತ್ತೆ, ಕೈಯಿಂದ ಎಳೆದು ಸವರಿ, ಪೂರ್ತಿ ಆರುವವರೆಗೆ ಹಾಗೇ ಬಿಡಬೇಕು. ಆರಲು ಬಿಟ್ಟು ಬಂದೆ. ಅಷ್ಟರಲ್ಲಿ ಇವರು ಸ್ನಾನಕ್ಕೆ ಹೋದರು. ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಇಲ್ಲಿ ಟವೆಲ್ ಯಾಕೋ ತೆಳ್ಳಗಿದೆ ಕಣೇ, ಗುಂಡಿ ಬೇರೆ ಇಟ್ಟಿದ್ದಾರೆ" ಅಂದರು.

ವಾಪಸ್ ಬರುವಾಗ ಯಾವ ಶಾಸ್ತ್ರವೂ ಇರಲಿಲ್ಲ. ಹೇಗೂ ಒಗೆಯುವ ಬಟ್ಟೆ, ಸುಮ್ನೆ ತುರುಕಿದ್ದಾಯಿತು. ಮಡಚದ ಬಟ್ಟೆ ದುಪ್ಪಟ್ಟು ಜಾಗ ತಿನ್ನುತ್ತದೆ, ಹಾಗಾಗಿ ಒಬ್ಬರು ಮೇಲೆ ಕೂತು, ಒಬ್ಬರು ಜಿಪ್ ಎಳೆದು, ಬೆವರಿ ಹೊರಟೆವು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನೇ ತೆಗೆಸಿದರು. ಹಿಂದೆ ಅಷ್ಟುದ್ದ ಸಾಲು, ಮುಂದೆ ನಮ್ಮ ಮಾಸಿದ ಬಟ್ಟೆಯ ಪ್ರದರ್ಶನ. ತಪಾಸಣೆಯ ಮೇಡಂ ಎಲ್ಲ ಹೊರಗೆ ಇಟ್ಟು ನೋಡಿ, ಏನೂ ಸಿಗದೆ, ಒಂದೊಂದನ್ನೂ ತಟ್ಟಿ ಮಡಚಿ ತಾವೇ ಒಳಗೆ ಇಟ್ಟರು. ಒಂದೇ ಕೈಯಲ್ಲಿ ಜಿಪ್ ಎಳೆಯಲು ಹೋದರು. ಒಂದು ಗೇಣು ಜಾಗ ಉಳಿದಿತ್ತು.

ನಮ್ಮೆಜಮಾನರು ತಕ್ಷಣ ಕಂಕುಳಲ್ಲಿದ್ದ ಛತ್ರಿ ತೆಗೆದು ಅವರ ಮುಂದೆ ಚಾಚಿದರು. "ಮೇಡಂ, ಇದೊಂದು ಹಿಡಿಸುತ್ತಾ ನೋಡಿ."