ಕುದುರೆಗೊಂದು ಸಮಾಧಿ, ಕಾವಲಿಗೊಂದು ಬೇಲಿ

ವಿಲ್‌ಕಾಕ್ಸ್‌ಗೆ ನಾವು ಹೋಗಿದ್ದು ಸೇಬು ಕೀಳೋಕೆ. ಟೂಸಾನ್‌ನಿಂದ ಪೂರ್ವಕ್ಕೆ ಸುಮಾರು 130 ಕಿಲೋಮೀಟರ್. ಅರಿಝೋನಾದ ಒಣನೆಲದಲ್ಲಿ ಮೂರು ಸಾವಿರ ಚಿಲ್ಲರೆ ಜನರ ಊರು. ಬರುವಾಗ ರೈಲು ಹಳಿ ಪಕ್ಕದ ಪಾರ್ಕಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದ್ದೆವು. ಮಗಳು ಓಡಿ ಬಂದು, "ಅಪ್ಪಾ, ಇಲ್ಲೊಂದು ಕುದುರೆ ಸಮಾಧಿ ಇದೆ!" ಅಂದಳು.

ಹೌದು, ಕುದುರೆಯದ್ದೇ. ಹೆಸರು ಕೋಕೋ. ಈ ಊರಲ್ಲಿ 1920ರಲ್ಲಿ ಹುಟ್ಟಿ, ಹಾಡುವ ಕೌಬಾಯ್ ಆಗಿ ಸಿನಿಮಾಗಳಲ್ಲಿ ಮೆರೆದ ರೆಕ್ಸ್ ಆ್ಯಲನ್‌ನ ಕುದುರೆ. ಅವನ ಕಂಚಿನ ಪ್ರತಿಮೆಯ ಹತ್ತಿರವೇ ಮಣ್ಣು ಮಾಡಿದ್ದಾರೆ. ಕುದುರೆಗಳ ಸ್ವರ್ಗದಲ್ಲಿ ಹೊಟ್ಟೆಮಟ್ಟ ಹಸಿರು ಹುಲ್ಲಲ್ಲಿ ನಿಂತಿದೆ ಎಂಬರ್ಥದ ಸಾಲು ಕಲ್ಲಿನ ಮೇಲೆ. ಹೊಟ್ಟೆಮಟ್ಟ ಹುಲ್ಲು! ಬರಗಾಲ ಕಂಡ ಊರಿನವರೇ ಬರೆಯುವ ಮಾತು ಅದು.

ಎದುರಿನ ಮ್ಯೂಸಿಯಂನಲ್ಲಿದ್ದ ಅಜ್ಜಿ ಊರಿನ ಕಥೆ ಶುರು ಮಾಡಿದರೆ ನಿಲ್ಲಿಸಲೇ ಇಲ್ಲ. 1880ರಲ್ಲಿ ರೈಲು ಬಂತು, ಊರು ಹುಟ್ಟಿತು. ಮೊದಲು ಮೇಲಿ ಅಂತ ಹೆಸರು, 1889ರಲ್ಲಿ ಒಬ್ಬ ಜನರಲ್ ಹೆಸರಿನಲ್ಲಿ ವಿಲ್‌ಕಾಕ್ಸ್ ಆಯ್ತು. ಸುತ್ತಲಿನ ರಾಂಚುಗಳ ದನಗಳನ್ನೆಲ್ಲ ಇಲ್ಲಿಂದಲೇ ರೈಲಿಗೆ ತುಂಬುತ್ತಿದ್ದರು. ಜಗತ್ತಿನ ದನಗಳ ರಾಜಧಾನಿ ಅಂತ ತಮಗೆ ತಾವೇ ಬಿರುದು ಬೇರೆ. 1900ರಲ್ಲಿ ಇಲ್ಲಿನ ಬಾರಿನಲ್ಲಿ ಗುಂಡೇಟು ತಿಂದ, ವೈಲ್ಡ್ ವೆಸ್ಟ್ ಕಾಲದ ಹೆಸರಾಂತ ಬಂದೂಕುಗಾರ ವ್ಯಾಟ್ ಅರ್ಪನ ತಮ್ಮ ವಾರೆನ್ ಅರ್ಪ್‌ನನ್ನೂ ಬಿಟ್ಟಿಲ್ಲ. ಕುಡುಕರ ಜಗಳಕ್ಕೂ ಈ ಊರಲ್ಲಿ ಚರಿತ್ರೆಯ ಮರ್ಯಾದೆ.

ಆಮೇಲೆ ಅಜ್ಜಿ, "ನಿಮ್ಮದು ಯಾವೂರು? ಅಲ್ಲೂ ದನ ಇವೆಯಾ?" ಅಂತ ಕೇಳಿದರು.

ಎದೆಗೆ ಚುಚ್ಚಿದ ಹಾಗಾಯ್ತು. ನಾನು ಚಳ್ಳಕೆರೆ ಕಡೆಯವನು. ವಿಲ್‌ಕಾಕ್ಸ್ ಹುಟ್ಟುವ ಸುಮಾರು ಇನ್ನೂರು ವರ್ಷ ಮೊದಲೇ ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಅಂತ ಅರಮನೆಯ ದನಗಳ ಇಲಾಖೆಯನ್ನೇ ಕಟ್ಟಿದ್ದರು. ದನಗಳಿಗೆ 'ದೇ' ಅಂತ ಬರೆ ಹಾಕಿಸುತ್ತಿದ್ದರು, ಥೇಟ್ ಈ ರಾಂಚುಗಳವರ ಹಾಗೆ. ಟಿಪ್ಪು ಕಾಲದಲ್ಲಿ ಅದೇ ಅಮೃತ್ ಮಹಲ್ ಆಯ್ತು. ಫಿರಂಗಿ ಎಳೆದ ಎತ್ತುಗಳು ಅವು. ಆದರೆ ಇದನ್ನು ನಾನು ಓದಿದ್ದು ಅಮೆರಿಕಕ್ಕೆ ಬಂದ ಮೇಲೆ. ಹೈಸ್ಕೂಲಿನವರೆಗೂ ಆ ದನಗಳು ಮೇಯುವ ಹುಲ್ಲುಗಾವಲಾದ ಕಾವಲಿನ ಪಕ್ಕದಲ್ಲೇ ಸೈಕಲ್ ತುಳಿದವನಿಗೆ ಒಬ್ಬ ಮೇಷ್ಟ್ರೂ ಹೇಳಲಿಲ್ಲ, ಒಂದು ಕಲ್ಲೂ ಹೇಳಲಿಲ್ಲ.

ಆ ರಾತ್ರಿಯೇ ಊರಿಗೆ ಫೋನ್ ಮಾಡಿದೆ. "ಅಣ್ಣಾ, ಕಾವಲಿನ ಹತ್ತಿರ ಏನಾದ್ರೂ ಬೋರ್ಡ್ ಇದೆಯಾ?"

"ಇದೆಯಲ್ಲೋ. ಒಳಗೆ ಬರಬಾರದು ಅಂತ."

ಸುಮಾರು 10,000 ಎಕರೆ ಕಾವಲು ರಕ್ಷಣೆ, ಬಾಹ್ಯಾಕಾಶ, ಅಣುವಿಜ್ಞಾನ ಸಂಸ್ಥೆಗಳಿಗೆ ಹೋಯ್ತಲ್ಲ, ಅದರ ಗೋಡೆ. ದೇಶಕ್ಕೆ ಬೇಕು, ಸರಿ. ಗೋಡೆಯ ಹೊರಗಾದರೂ ಒಂದು ಕಲ್ಲು ನೆಟ್ಟು 'ಇಲ್ಲಿ ಅಮೃತ್ ಮಹಲ್ ಮೇಯುತ್ತಿತ್ತು' ಅಂತ ಬರೆಯೋಕೆ ಎಷ್ಟು ಖರ್ಚಾಗುತ್ತೆ?

ಹಾಗಂತ ವಿಲ್‌ಕಾಕ್ಸ್ ಎಲ್ಲವನ್ನೂ ನೆನಪಿಟ್ಟಿದೆ ಅಂತಲ್ಲ. ಈ ಕಣಿವೆ ಚಿರಿಕಾವಾ ಅಪಾಚೆ ಎಂಬ ಮೂಲನಿವಾಸಿಗಳದ್ದು. ಅಜ್ಜಿಯ ಕಥೆಯಲ್ಲಿ ಅವರು ಬಂದು ಹೋಗಿದ್ದು ಒಂದೇ ವಾಕ್ಯದಲ್ಲಿ. 1890ರ ದಶಕದ ಬರಕ್ಕೆ ಮೊದಲು ಮಿತಿಮೀರಿ ದನ ಬಿಟ್ಟು ಹುಲ್ಲು ಬೋಳಿಸಿದ್ದನ್ನೂ ಅವರು ಹೇಳಲಿಲ್ಲ. ನೀರಿನ ವಿಷಯದಲ್ಲಂತೂ ನಮ್ಮೂರೇ: ಬೋರ್‌ವೆಲ್ ಪಾತಾಳ ಮುಟ್ಟಿದರೂ 2022ರಲ್ಲಿ ಕಡಿವಾಣ ಬೇಡ ಅಂತ ಮತ ಹಾಕಿದರು. ಮತ್ತೆ ಕೋಕೋಗೆ ಸಮಾಧಿ ಕಟ್ಟಿದ ಊರಲ್ಲೇ ದನಗಳು ಹರಾಜಾಗಿ ಕಸಾಯಿಖಾನೆ ದಾರಿ ಹಿಡಿಯುತ್ತವೆ.

ಅಣ್ಣ ಫೋನ್ ಇಡುವ ಮುಂಚೆ ಇನ್ನೊಂದು ಸುದ್ದಿ ಹೇಳಿದ. ಪಕ್ಕದ ಹಟ್ಟಿಯಲ್ಲಿ ದೇವರ ಎತ್ತು ತೀರಿಕೊಂಡಿತಂತೆ. ಉರುಮೆ ಬಡಿದು, ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡಿದರಂತೆ.

"ಎಲ್ಲಿ ಅಂತ ಗುರುತಿಗೆ ಏನಾದ್ರೂ ಹಾಕಿದ್ದಾರಾ?"

"ಯಾಕೋ? ಎಲ್ಲರಿಗೂ ಗೊತ್ತಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಹೇಳಿದ, ದೇವರ ದನ ಕಾಯುವ ಕಿಲಾರಿಯ ಮಗ ಮಾತ್ರ ಬರಲಿಲ್ಲವಂತೆ. ಬೆಂಗಳೂರಲ್ಲಿ ಡೆಲಿವರಿ ಕೆಲಸ, ರಜೆ ಸಿಗಲಿಲ್ಲ.